ಮಣ್ಣು ಯಾವುದು ಅಂತ ಕೇಳಿ, ಆಮೇಲೆ ಎತ್ತಿನ ಮಾತು

ಹೋದ ಸಂಚಿಕೆಯಲ್ಲಿ ಕಾರುಗಳ ಲ್ಯಾಪ್ ಟೈಮ್ ಬಗ್ಗೆ ಸುಮ್ನೆ ಎರಡು ಸಾಲು ಬರೆದಿದ್ದೆ. ಲ್ಯಾಪ್ ಟೈಮ್ ಅಂದರೆ ರೇಸ್ ಟ್ರ್ಯಾಕನ್ನು ಪೂರ್ತಿ ಒಂದು ಸುತ್ತು ಹಾಕಲು ಹಿಡಿದ ಸಮಯ, ಅಷ್ಟೇ. ಅದಕ್ಕೆ ಇಷ್ಟು ಪತ್ರ ಬರುತ್ತವೆ ಅಂತ ಅಂದುಕೊಂಡಿರಲಿಲ್ಲ. ಬೈಕಿನ ಮೈಲೇಜ್ ಪ್ರಶ್ನೆಗಳನ್ನೆಲ್ಲ ಮುಂದಿನ ತಿಂಗಳಿಗೆ ತಳ್ಳಿದ್ದೇನೆ, ಬೈಕಿನವರು ಬೈಯಬೇಡಿ.

ಪ್ರಶ್ನೆ: ಸರ್, ನಮ್ಮ ಹಾಸ್ಟೆಲ್‌ನಲ್ಲಿ ಮೂರು ಪಾರ್ಟಿ ಆಗಿವೆ. ಒಬ್ಬನದು ಜಪಾನಿನ ನಿಸಾನ್ ಜಿಟಿ-ಆರ್, ಇನ್ನೊಬ್ಬನದು ಜರ್ಮನಿಯ ಪೋರ್ಶೆ, ನನ್ನದು ಅಮೆರಿಕದ ಕಾರ್ವೆಟ್. ಅವನು ಸುಕುಬಾ ಟ್ರ್ಯಾಕಿನ ಟೈಮ್ ತೋರಿಸ್ತಾನೆ, ಇವನು ನ್ಯೂರ್ಬರ್ಗ್‌ರಿಂಗ್ ಅಂತಾನೆ, ನಾನು ಲಗುನಾ ಸೇಕಾ ಹಿಡಿದು ಕೂತಿದ್ದೇನೆ. ಮೆಸ್ಸಿನಲ್ಲಿ ರೊಟ್ಟಿ ಆರಿ ಹೋದರೂ ಜಗಳ ಮುಗಿಯೋದಿಲ್ಲ. ಯಾವ ದೇಶದ ಕಾರು ಜೋರು, ನೀವೇ ಹೇಳಿಬಿಡ್ರಿ.
— ಇಂಜಿನಿಯರಿಂಗ್ ವಿದ್ಯಾರ್ಥಿ, ನವನಗರ, ಬಾಗಲಕೋಟೆ

ಉತ್ತರ: ತಮ್ಮಾ, ನೀನು ಬಾಗಲಕೋಟೆಯವನು, ತೆರಬಂಡಿ ನೋಡಿರ್ತೀಯ. ಗಾಲಿ ತಿರುಗದ ಹಾಗೆ ಬಿಗಿದ ಬಂಡಿಯನ್ನು ಎತ್ತುಗಳು ಎಳೀತವೆ, ಕೊಟ್ಟ ಸಮಯದಲ್ಲಿ ಎಷ್ಟು ದೂರ ಎಳೆದವು ಅನ್ನೋದೇ ಲೆಕ್ಕ. ಈಗ ಒಂದೂರಿನ ಜಾತ್ರೆಯಲ್ಲಿ ಎರೆ ಮಣ್ಣಿನ ಮೇಲೆ ಎಳೆದ ಜೋಡಿಯನ್ನೂ, ಇನ್ನೊಂದೂರಲ್ಲಿ ಮಸಾರಿ ನೆಲದ ಮೇಲೆ ಎಳೆದ ಜೋಡಿಯನ್ನೂ ಬರೀ ಅಡಿ ಲೆಕ್ಕ ನೋಡಿ ಯಾರಾದರೂ ಹೋಲಿಸಿದರೆ, ಕಟ್ಟೆ ಮೇಲೆ ಕೂತ ಅಜ್ಜ ಏನಂತಾನೆ? "ಮಣ್ಣು ಯಾವುದಿತ್ತೋ?" ಅಂತಾನೆ. ನಿಮ್ಮ ಮೆಸ್ಸಿನಲ್ಲಿ ಆ ಅಜ್ಜ ಇಲ್ಲ, ಅದೇ ತೊಂದರೆ.

ನೀವು ಮೂವರೂ ಹಿಡಿದಿರುವ ಟ್ರ್ಯಾಕುಗಳನ್ನೇ ನೋಡಿ. ಜಪಾನಿನ ಸುಕುಬಾ ಬರೀ 2.045 ಕಿ.ಮೀ. ಚಿಕ್ಕದು, ಬಿಗಿ ತಿರುವು, ಒಂದು ನಿಮಿಷದ ಆಸುಪಾಸಿನಲ್ಲಿ ಮುಗಿಯುವ ಸುತ್ತು. ಅಲ್ಲಿ ದೊಡ್ಡ ಇಂಜಿನ್ ಇಟ್ಟುಕೊಂಡು ಏನು ಮಾಡ್ತೀಯ, ಉಸಿರು ಬಿಡೋ ಹೊತ್ತಿಗೆ ಬ್ರೇಕ್ ಒತ್ತಬೇಕು. ಕ್ಯಾಲಿಫೋರ್ನಿಯಾದ ಲಗುನಾ ಸೇಕಾ ಸುಮಾರು 3.6 ಕಿ.ಮೀ., ಅದರಲ್ಲಿ ಕಾರ್ಕ್‌ಸ್ಕ್ರೂ ಅಂತ ಒಂದು ಎಡ-ಬಲ ತಿರುವಿದೆ, ಐದಂತಸ್ತಿನ ಮನೆಯ ಮಾಳಿಗೆಯಿಂದ ಅಂಗಳಕ್ಕೆ ಇಳಿದ ಹಾಗೆ ಕಾರು ಕೆಳಗೆ ಬೀಳುತ್ತೆ. ಇನ್ನು ಜರ್ಮನಿಯ ನ್ಯೂರ್ಬರ್ಗ್‌ರಿಂಗ್‌ನ ಉದ್ದನೆಯ ಸುತ್ತು ನಾರ್ಡ್‌ಶ್ಲೈಫೆ, 1927ರಲ್ಲಿ ಕಟ್ಟಿದ್ದು, 20.832 ಕಿ.ಮೀ. ಅದು ಟ್ರ್ಯಾಕ್ ಅಲ್ಲ, ಕಾಡಿನೊಳಗಿನ ಘಾಟ್ ರಸ್ತೆ ಅಂದುಕೋ. ಮೇಲಿನ ಜಾಗಕ್ಕೂ ಕೆಳಗಿನ ಜಾಗಕ್ಕೂ ಸುಮಾರು 300 ಮೀಟರ್ ಎತ್ತರದ ವ್ಯತ್ಯಾಸ. ಕಾರು ಗಾಳಿಗೆ ಹಾರುವಂಥ ದಿಬ್ಬಗಳಿವೆ, ಕೊನೆಗೆ ಎರಡು ಕಿ.ಮೀ.ಗಿಂತ ಉದ್ದದ ನೇರ ರಸ್ತೆ ಇದೆ. ಒಂದು ತುದಿಯಲ್ಲಿ ಬಿಸಿಲಿದ್ದು ಇನ್ನೊಂದು ತುದಿಯಲ್ಲಿ ಮಳೆ ಬರುವ ಜಾಗ ಅದು. ಫಾರ್ಮುಲಾ ಒನ್ ಚಾಂಪಿಯನ್ ಜಾಕಿ ಸ್ಟೀವರ್ಟ್ ಅದನ್ನು 'ಹಸಿರು ನರಕ' ಅಂತ ಕರೆದದ್ದು ಸುಮ್ನೆ ಅಲ್ಲ.

ಹೀಗಾಗಿ ಮೂರು ಟ್ರ್ಯಾಕಿನ ಮೂರು ಟೈಮ್ ಪಕ್ಕಪಕ್ಕ ಇಟ್ಟರೆ ಏನೂ ಸಿಗೋದಿಲ್ಲ. ಮೂರು ಕಾರಿನದೂ ಒಂದೇ ಟ್ರ್ಯಾಕಿನ ಟೈಮ್ ಬೇಕು. ಅದು ಸಿಕ್ಕಿದ ಮೇಲೂ ಜಗಳ ನಿಲ್ಲುತ್ತೆ ಅಂದುಕೊಳ್ಳಬೇಡ, ಯಾಕಂದರೆ ಈ ಜಗಳವನ್ನು ನಿಮಗಿಂತ ಮೊದಲೇ ಕಂಪನಿಗಳೇ ಆಡಿ ಬಿಟ್ಟಿವೆ. 2008ರಲ್ಲಿ ನಿಸಾನ್ ತನ್ನ ಜಿಟಿ-ಆರ್ ನಾರ್ಡ್‌ಶ್ಲೈಫೆಯನ್ನು 7 ನಿಮಿಷ 29 ಸೆಕೆಂಡಿನಲ್ಲಿ ಸುತ್ತಿತು ಅಂತ ಹೇಳಿತು. ಪೋರ್ಶೆಯವರಿಗೆ ನಂಬಿಕೆ ಬರಲಿಲ್ಲ. ತಾವೇ ಒಂದು ಜಿಟಿ-ಆರ್ ಕೊಂಡು ತಂದು ಓಡಿಸಿದರು, ಅವರಿಗೆ ಬಂದದ್ದು 7:54! ಅದೇ ಮಾದರಿಯ ಕಾರು, ಅದೇ ಟ್ರ್ಯಾಕ್, 25 ಸೆಕೆಂಡ್ ಅಂತರ. ನಿಸಾನ್ ತನ್ನ ಮಾತು ಬಿಡಲಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಇಬ್ಬರೂ ಸುಳ್ಳು ಹೇಳಬೇಕಾದ ಅಗತ್ಯವೇ ಇಲ್ಲ. ಆ ಕಾರಿನ ಪ್ರತಿ ಹಲ್ಲು ಗೊತ್ತಿರುವ ಡ್ರೈವರ್ ತಿಂಗಳುಗಟ್ಟಲೆ ಪಳಗಿ ಓಡಿಸಿದ ಸುತ್ತಿಗೂ, ಎದುರಾಳಿ ಕಂಪನಿಯವನು ಬಂದು ಓಡಿಸಿದ ಸುತ್ತಿಗೂ ವ್ಯತ್ಯಾಸ ಇದ್ದೇ ಇರುತ್ತೆ, ಅದರ ಮೇಲೆ ಟೈರು, ಹವೆ ಬೇರೆ. ಎದುರಾಳಿಯ ಕಾರನ್ನು ಯಾರು ತಾನೇ ಜೀವ ಒತ್ತೆ ಇಟ್ಟು ಓಡಿಸ್ತಾರೆ, ಅಲ್ವಾ?

ದೇಶ ದೇಶಕ್ಕೆ ಕಾರಿನ ಸ್ವಭಾವ ಬೇರೆ ಅನ್ನೋದು ಮಾತ್ರ ನಿಜ. ಜಪಾನಿನಲ್ಲಿ 2004ರ ತನಕ ಕಂಪನಿಗಳು ತಮ್ಮತಮ್ಮಲ್ಲೇ ಒಂದು ಮಾತು ಮಾಡಿಕೊಂಡಿದ್ದವು, 280 ಕುದುರೆ ಶಕ್ತಿ ದಾಟಿ ಹೇಳಿಕೊಳ್ಳಬಾರದು ಅಂತ. ವೇಗಕ್ಕೂ ಗಂಟೆಗೆ 180 ಕಿ.ಮೀ. ಕಟ್ಟು. ಜಿಟಿ-ಆರ್‌ನಲ್ಲಿ ಈ ಕಟ್ಟನ್ನು ಬಿಚ್ಚಲು ಜಿಪಿಎಸ್ ಇಟ್ಟಿದ್ದಾರೆ: ಕಾರು ಒಪ್ಪಿಗೆ ಇರುವ ರೇಸ್ ಟ್ರ್ಯಾಕಿನೊಳಗಿದೆ ಅಂತ ಗೊತ್ತಾದರೆ ಮಾತ್ರ ಬಿಡುತ್ತೆ. ಶಕ್ತಿಗೆ ಕಟ್ಟು ಇದ್ದದ್ದಕ್ಕೇ ಜಪಾನಿನವರು ಬರೀ ಶಕ್ತಿಯ ಬೆನ್ನು ಹತ್ತದೆ ನಾಲ್ಕೂ ಚಕ್ರಕ್ಕೆ ಎಳೆತ ಹಂಚುವುದು, ತಿರುವಿನಲ್ಲಿ ಹಿಡಿತ, ಇವುಗಳಲ್ಲಿ ಪಳಗಿದರು. ಅಮೆರಿಕದವರದು ಎಂಟು ಸಿಲಿಂಡರಿನ ದೊಡ್ಡ ವಿ8 ಇಂಜಿನ್, ಅಗಲ ಟೈರು. ಕಾರ್ವೆಟ್‌ಗೆ ಮೊನ್ನೆ ಮೊನ್ನೆಯ ತನಕ ಲೀಫ್ ಸ್ಪ್ರಿಂಗ್ ಇತ್ತು ಅಂದರೆ ನಿನ್ನ ಗೆಳೆಯರು ನಗಬಹುದು, ನಮ್ಮ ಟ್ರ್ಯಾಕ್ಟರ್ ಟ್ರೇಲರಿನ ಪಾಟಿ ಅಲ್ಲ ಅದು, ಅಡ್ಡಡ್ಡ ಕೂರಿಸಿದ ಹಗುರ ಪಾಟಿ. ಆ ಪಾಟಿ ಇದ್ದ ಕಾರ್ವೆಟ್ ಝಡ್‌ಆರ್1 2011ರಲ್ಲಿ ನಾರ್ಡ್‌ಶ್ಲೈಫೆಯಲ್ಲಿ 7:19.63 ಬಾರಿಸಿತು, ನಕ್ಕವರು ಸುಮ್ಮನಾದರು. ಜರ್ಮನಿಯವರಿಗೆ ನಾರ್ಡ್‌ಶ್ಲೈಫೆ ಮನೆಯ ಅಂಗಳ. ಅಲ್ಲೇ ಕಾರು ತಿದ್ದಿ ತೀಡುತ್ತಾರೆ, ಆದ್ದರಿಂದ ಅಲ್ಲಿ ಅವರು ಮುಂದಿದ್ದರೆ ಆಶ್ಚರ್ಯ ಏನಿಲ್ಲ. ಆದರೂ ಪೂರ್ತಿ ಅವರದೇ ನಡೆದಿಲ್ಲ: 2018ರಲ್ಲಿ ಇಟಲಿಯ ಲಂಬೋರ್ಗಿನಿ ಅವೆಂಟಡಾರ್ ಎಸ್‌ವಿಜೆ 6:44.97ಕ್ಕೆ ಸುತ್ತಿ ಮೇಲೆ ಕೂತಿತ್ತು.

ಹಾಸ್ಟೆಲ್ ಜಗಳಕ್ಕೆ ನನ್ನ ತೀರ್ಪು ಬೇಕೇ ಬೇಕು ಅಂದರೆ ತಗೋ. 2022ರಲ್ಲಿ ಪೋರ್ಶೆ 911 ಜಿಟಿ3 ಆರ್‌ಎಸ್ 6:49.328. 2025ರಲ್ಲಿ ಕಾರ್ವೆಟ್ ಝಡ್‌ಆರ್1ಎಕ್ಸ್ 6:49.275. ಅದೇ ಉದ್ದದ ಸುತ್ತು. ಅಂತರ ಸೆಕೆಂಡಿನ 53 ಸಾವಿರದ ಪಾಲು, ಅಂದರೆ ಇಪ್ಪತ್ತು ಕಿ.ಮೀ. ಓಡಿದ ಮೇಲೆ ಮೂರು ಮೀಟರಿಗೂ ಕಡಿಮೆ. ನಿನ್ನ ಕಾರ್ವೆಟ್ ಗೆದ್ದಿದೆ ಅಂತ ಕುಣಿಯಬೇಡ, ಪೋರ್ಶೆಗೆ ಇದ್ದದ್ದು 525 ಕುದುರೆ, ಕಾರ್ವೆಟ್‌ಗೆ 1250. ಪೋರ್ಶೆಯವನೂ ಹಿಗ್ಗಬೇಡ, ಪೋರ್ಶೆ ಓಡಿಸಿದವನು ಅನುಭವಿ ರೇಸ್ ಡ್ರೈವರ್, ಕಾರ್ವೆಟ್ ಓಡಿಸಿದವನು ಕಂಪನಿಯ ಇಂಜಿನಿಯರ್. ಜಿಟಿ-ಆರ್‌ನವನಿಗೆ ಇಷ್ಟು ಹೇಳು: 2013ರಲ್ಲೇ ಅವನ ಕಾರು 7:08.679 ಮಾಡಿತ್ತು, ಆದರೆ ಅದು ಬಿಡಿ ಭಾಗ ಬದಲಿಸಿ ಟೈಮಿಗಾಗಿಯೇ ಸಜ್ಜು ಮಾಡಿದ ನಿಸ್ಮೋ, ಅಂದರೆ ನಿಸಾನ್‌ನ ರೇಸ್ ವಿಭಾಗದ ಮಾದರಿ. ಈಗ ರೊಟ್ಟಿ ತಿನ್ನಿ.

ಪ್ರಶ್ನೆ: ನಾನು ಮಷಿನ್ ಶಾಪಿನಲ್ಲಿ ಕೆಲಸ ಮಾಡೋನು. ಒಂದೇ ರೆನೋ ಮೆಗಾನ್ ಕಾರಿಗೆ ಒಂದು ಕಡೆ 7:40, ಇನ್ನೊಂದು ಕಡೆ 7:45 ಅಂತ ಇದೆ. ಯಾವುದು ಸುಳ್ಳು?
— ಓದುಗರು, ಉದ್ಯಮಬಾಗ, ಬೆಳಗಾವಿ

ಉತ್ತರ: ಎರಡೂ ನಿಜ. ಡೇಟಮ್, ಅಂದರೆ ಅಳತೆ ಶುರುವಾಗುವ ಗುರುತು, ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಜಾಬ್ ಅಳೆಯುವಾಗ ಎಲ್ಲಿಂದ ಅಳೆದಿರಿ ಅಂತ ಬರೆಯದಿದ್ದರೆ ಮೈಕ್ರೋಮೀಟರ್ ಎಷ್ಟು ಚೆನ್ನಾಗಿದ್ದರೂ ಕ್ವಾಲಿಟಿಯವನು ಪೀಸು ವಾಪಸ್ ಎಸೀತಾನೆ. ಇಲ್ಲೂ ಅದೇ ಕತೆ. ಮೊದಲೆಲ್ಲ ನಾರ್ಡ್‌ಶ್ಲೈಫೆಯ ಟೈಮನ್ನು 20.6 ಕಿ.ಮೀ.ಗೆ ಹಿಡೀತಿದ್ದರು, ಚಿಕ್ಕದೊಂದು ನೇರ ತುಂಡನ್ನು ಬಿಟ್ಟು. 2019ರಿಂದ ಪೂರ್ತಿ 20.832 ಕಿ.ಮೀ. ಲೆಕ್ಕ ಬಂತು. ಆ 232 ಮೀಟರಿಗೆ ನಾಲ್ಕೈದು ಸೆಕೆಂಡ್ ಆಗುತ್ತೆ. ಮೆಗಾನ್ ಆರ್‌ಎಸ್ ಟ್ರೋಫಿ-ಆರ್ ಚಿಕ್ಕ ಸುತ್ತಿಗೆ 7:40.100, ಪೂರ್ತಿ ಸುತ್ತಿಗೆ 7:45.389. ಮೇಲೆ ಹೇಳಿದ ಲಂಬೋರ್ಗಿನಿಯದೂ ಚಿಕ್ಕ ಸುತ್ತಿನ ಟೈಮೇ, ಅದನ್ನು ಹಾಗೇ ತಂದು ಈಗಿನ ಕಾರ್ವೆಟ್ ಪಕ್ಕ ಇಟ್ಟು "ಲಂಬೋರ್ಗಿನಿ ಮುಂದೆ" ಅಂದರೆ ತಪ್ಪಾಗುತ್ತೆ. ನವನಗರದ ಹುಡುಗರೂ ಇದನ್ನು ಓದಿಕೊಳ್ಳಲಿ.

ಪ್ರಶ್ನೆ: ನಾನು ಸೈಕ್ಲಿಂಗ್ ಮಾಡ್ತೀನಿ. ಚೀನಾದ ಬಿವೈಡಿ ಕಂಪನಿಯ ಯಾಂಗ್‌ವಾಂಗ್ ಯು9 ಎಕ್ಸ್‌ಟ್ರೀಮ್ ಅನ್ನೋ ಎಲೆಕ್ಟ್ರಿಕ್ ಕಾರಿಗೆ 3000 ಕುದುರೆ ಶಕ್ತಿ ಅಂತೆ. ಅದು ನ್ಯೂರ್ಬರ್ಗ್‌ರಿಂಗ್‌ನಲ್ಲಿ 6:59 ಮಾಡಿತು ಅಂತ ಓದಿದೆ. ಆದರೆ 525 ಕುದುರೆಯ ಪೋರ್ಶೆ ಅದಕ್ಕಿಂತ ಹತ್ತು ಸೆಕೆಂಡ್ ಮುಂದಿದೆ. ಇದು ಹೇಗೆ ಸಾಧ್ಯ ಸರ್? ತಲೆ ತಿರುಗ್ತಿದೆ.
— ಓದುಗರು, ವಿಜಯಪುರ

ಉತ್ತರ: ಈ ತಿಂಗಳ ಒಳ್ಳೆ ಪ್ರಶ್ನೆ ಇದು. ವಿಜಯಪುರದ ಸೈಕಲ್ ಹುಡುಗರಿಂದಲೇ ಬರಬೇಕಿತ್ತು, ಬಂತು. ನೀವು ಓದಿದ್ದು ಸರಿ, 2025ರಲ್ಲಿ ಅದರ ಟೈಮ್ 6:59.157.

ನಿಮ್ಮ ಕಾಲಿನ ಅನುಭವದಿಂದಲೇ ಶುರು ಮಾಡೋಣ. ಗಂಟೆಗೆ 20 ಕಿ.ಮೀ. ಹೋಗೋದು ಸುಲಭ. 40ಕ್ಕೆ ಹೋದರೆ ಶ್ರಮ ಎರಡು ಪಟ್ಟಾಗುತ್ತಾ? ಇಲ್ಲ, ಉಸಿರು ಕಿತ್ತು ಬರುತ್ತೆ. ಗಾಳಿಯನ್ನು ಸೀಳಲು ಬೇಕಾದ ಶಕ್ತಿ ವೇಗ ಎರಡು ಪಟ್ಟಾದರೆ ಎಂಟು ಪಟ್ಟಾಗುತ್ತೆ. ಕಾರಿಗೂ ಅದೇ ನಿಯಮ. ಹಾಗಾಗಿ ಆರು ಪಟ್ಟು ಕುದುರೆ ಕಟ್ಟಿದರೂ ನೇರ ರಸ್ತೆಯಲ್ಲಿ ವೇಗ ಆರು ಪಟ್ಟು ಏರೋದಿಲ್ಲ. ಅದೂ ಅಲ್ಲದೆ ಪೂರ್ತಿ ಶಕ್ತಿ ಕೆಲಸಕ್ಕೆ ಬರೋದು ನೇರ ರಸ್ತೆಯಲ್ಲಿ ಮಾತ್ರ. ನಾರ್ಡ್‌ಶ್ಲೈಫೆ ಅಂದರೆ ತಿರುವಿನ ಮೇಲೆ ತಿರುವು. ತಿರುವಿನ ನಡುವೆ ನಿಮ್ಮ ಕೈಯಲ್ಲಿ 500 ಇದ್ದರೂ ಒಂದೇ, 3000 ಇದ್ದರೂ ಒಂದೇ, ಅಲ್ಲಿ ಮಾತಾಡೋದು ಟೈರು.

ಟೈರಿನ ಗುಣ ಹೇಗೆ ಅಂದರೆ, ಅದರ ಮೇಲೆ ಭಾರ ಎರಡು ಪಟ್ಟು ಹೇರಿದರೆ ಹಿಡಿತ ಎರಡು ಪಟ್ಟಾಗೋದಿಲ್ಲ, ಸ್ವಲ್ಪ ಕಡಿಮೆಯೇ ಸಿಗುತ್ತೆ. ಆದರೆ ತಿರುವಿನಲ್ಲಿ ಹೊರಕ್ಕೆ ಎಳೆಯುವ ಬಲ ಮಾತ್ರ ಸರಿಯಾಗಿ ಎರಡು ಪಟ್ಟು. ಯು9 ಬ್ಯಾಟರಿ ಹೊತ್ತು ಸುಮಾರು ಎರಡೂವರೆ ಟನ್ ತೂಗುತ್ತೆ, ಪೋರ್ಶೆ ಜಿಟಿ3 ಆರ್‌ಎಸ್ 1450 ಕೆ.ಜಿ. ಒಂದು ಟನ್ ಜಾಸ್ತಿ ಹೊತ್ತುಕೊಂಡು ಪ್ರತಿ ತಿರುವಿಗೂ ನಿಧಾನ ಆಗಬೇಕು, ಮತ್ತೆ ಏರಬೇಕು. ಬ್ರೇಕಿಗೂ ಅಷ್ಟೇ ಹಿಂಸೆ.

ಪೋರ್ಶೆಯ ಬೆನ್ನ ಮೇಲಿನ ಆ ದೊಡ್ಡ ರೆಕ್ಕೆ ನೋಡಿ ಜನ ನಗ್ತಾರೆ, ಬಟ್ಟೆ ಒಣಹಾಕಬಹುದು ಅಂತಾರೆ. ಆಟ ಇರೋದೇ ಅಲ್ಲಿ. ಗಂಟೆಗೆ 285 ಕಿ.ಮೀ. ವೇಗದಲ್ಲಿ ಗಾಳಿಯೇ ಆ ಕಾರನ್ನು 860 ಕೆ.ಜಿ. ಬಲದಿಂದ ನೆಲಕ್ಕೆ ಒತ್ತುತ್ತೆ. ಟೈರಿನ ಮೇಲೆ ಭಾರ ಬಿತ್ತು, ಹಿಡಿತ ಬಂತು, ಆದರೆ ತಿರುಗಿಸಬೇಕಾದ ತೂಕ ಒಂದು ಗ್ರಾಮೂ ಏರಲಿಲ್ಲ. ಎತ್ತಿನ ಮೇಲೆ ಮೂಟೆ ಹೇರೋದಕ್ಕೂ, ಎತ್ತಿನ ಗೊರಸಿಗೆ ಒಳ್ಳೆ ಲಾಳ ಹೊಡೆಯೋದಕ್ಕೂ ಇರುವ ವ್ಯತ್ಯಾಸ.

ಹಾಗಂತ ಚೀನಾದ ಕಾರನ್ನು ಹಗುರವಾಗಿ ನೋಡಬೇಡಿ. ಏಳು ನಿಮಿಷದ ಗೆರೆಯನ್ನು ಮಾಮೂಲಿ ರಸ್ತೆಯ ಕಾರು ಮೊದಲು ದಾಟಿದ್ದು 2013ರಲ್ಲಿ, ಪೋರ್ಶೆ 918 ಸ್ಪೈಡರ್, 6:57. ರೇಸ್ ಕಾರು ಕಟ್ಟಿಯೇ ಬೆಳೆದ ಕಂಪನಿ ಅದು. ಶಿಯೋಮಿ ಅಂದರೆ ನಮಗೆ ಮೊಬೈಲ್ ಫೋನ್, ಅದರ ಎಸ್‌ಯು7 ಅಲ್ಟ್ರಾ, ನಾಲ್ಕು ಬಾಗಿಲ ಕಾರು, 2025ರಲ್ಲಿ 7:04.957ಕ್ಕೆ ಸುತ್ತಿ ಬಂತು. ನನ್ನ ಹಳೆ ಫೋನ್ ಬಿಸಿಯಾಗಿ ಕೈ ಸುಡ್ತಿತ್ತು, ಆ ಕಂಪನಿ ಯಾವುದು ಅಂತ ಹೇಳೋದಿಲ್ಲ ಬಿಡಿ.

ಪ್ರಶ್ನೆ: ಇಷ್ಟೆಲ್ಲ ದೇಶದ ಹೆಸರು ಹೇಳ್ತೀರಿ, ನಮ್ಮ ದೇಶದ ಕಾರು ಒಂದೂ ಇಲ್ವಾ? ನಮ್ಮಲ್ಲಿ ಟ್ರ್ಯಾಕ್ ಆದರೂ ಇದೆಯಾ?
— ಓದುಗರು, ಅಥಣಿ

ಉತ್ತರ: ಟ್ರ್ಯಾಕ್ ಇವೆ. ಚೆನ್ನೈ ಹತ್ತಿರ ಇರುಂಗಾಟುಕೋಟೈನಲ್ಲಿ 3.7 ಕಿ.ಮೀ.ದು, ಕೊಯಮತ್ತೂರಿನಲ್ಲಿ ಚಿಕ್ಕದಾದ ಕರಿ ಸ್ಪೀಡ್‌ವೇ, ದಿಲ್ಲಿ ಹತ್ತಿರ ಗ್ರೇಟರ್ ನೋಯ್ಡಾದಲ್ಲಿ 5.125 ಕಿ.ಮೀ.ದ ಬುದ್ಧ ಸರ್ಕ್ಯೂಟ್. ಬುದ್ಧದಲ್ಲಿ 2011ರಿಂದ 2013ರ ತನಕ ಮೂರು ಸಲ ಫಾರ್ಮುಲಾ ಒನ್ ನಡೀತು, ಮೂರೂ ಸಲ ಗೆದ್ದವನು ಸೆಬಾಸ್ಟಿಯನ್ ವೆಟಲ್. ಇಂದೋರ್ ಹತ್ತಿರ ಪೀಥಂಪುರದಲ್ಲಿ 11.3 ಕಿ.ಮೀ.ದ ವೇಗದ ಟ್ರ್ಯಾಕ್ ಇದೆ, ಆದರೆ ಅದು ಮೊಟ್ಟೆಯಾಕಾರದ ಪರೀಕ್ಷಾ ಟ್ರ್ಯಾಕ್, ತಿರುವಿನ ಆಟ ಅಲ್ಲಿಲ್ಲ.

ಕಾರಿನ ವಿಷಯಕ್ಕೆ ಬಂದರೆ ಸುತ್ತಿ ಬಳಸಿ ಒಂದು ಉತ್ತರ ಇದೆ. ಜಾಗ್ವಾರ್ ಕಂಪನಿ 2008ರಿಂದ ಟಾಟಾದವರದು. ಆ ಜಾಗ್ವಾರ್‌ನ ಎಕ್ಸ್‌ಇ ಎಸ್‌ವಿ ಪ್ರಾಜೆಕ್ಟ್ 8 ಅನ್ನೋ ನಾಲ್ಕು ಬಾಗಿಲ ಕಾರು 2019ರಲ್ಲಿ ನಾರ್ಡ್‌ಶ್ಲೈಫೆಯ ಚಿಕ್ಕ ಸುತ್ತನ್ನು 7:18.361ಕ್ಕೆ ಮುಗಿಸಿತು. ದುಡ್ಡು ನಮ್ಮವರದು, ಕಾರು ಇಂಗ್ಲೆಂಡಿನದು. ಅದನ್ನು ನಮ್ಮ ದೇಶದ ಕಾರು ಅಂತ ಬರೆದರೆ ನೀವೇ ನನ್ನನ್ನು ಹಿಡಿದು ಕೇಳ್ತೀರಿ.

ಪ್ರಶ್ನೆ: ನಾವು ಗೆಳೆಯರು ಚೋರ್ಲಾ ಘಾಟ್‌ನಲ್ಲಿ ಫೋನಿನ ಆ್ಯಪ್ ಹಾಕಿ ಟೈಮ್ ಹಿಡೀತೀವಿ. ನನ್ನ ಕಾರು ಗೋವಾ ಕಡೆ ಇಳಿದ ಮೇಲೆ ಜಾಸ್ತಿ ಹುರುಪಾಗಿ ಓಡುತ್ತೆ ಅನಿಸುತ್ತೆ. ಇದು ಭ್ರಮೆಯಾ?
— ಓದುಗರು, ಖಾನಾಪುರ

ಉತ್ತರ: ಭ್ರಮೆ ಅಲ್ಲ. ಬೆಳಗಾವಿ ಸೀಮೆ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಮೇಲಿದೆ. ಮೇಲೆ ಹೋದಷ್ಟೂ ಗಾಳಿ ತೆಳು. ಟರ್ಬೊ (ಇಂಜಿನ್ನಿಗೆ ಗಾಳಿ ಒತ್ತಿ ತುಂಬುವ ಪಂಪು) ಇಲ್ಲದ ಇಂಜಿನ್ ಪ್ರತಿ ನೂರು ಮೀಟರಿಗೆ ಹೆಚ್ಚುಕಡಿಮೆ ನೂರಕ್ಕೊಂದು ಪಾಲು ಶಕ್ತಿ ಕಳೆದುಕೊಳ್ಳುತ್ತೆ. ಪಣಜಿಯಲ್ಲಿ ಅದಕ್ಕೆ ಪೂರ್ತಿ ಊಟ, ಬೆಳಗಾವಿಯಲ್ಲಿ ಒಂದು ಹಿಡಿ ಕಡಿಮೆ. ಟರ್ಬೊ ಇದ್ದರೆ ಈ ನಷ್ಟ ಬಹಳಷ್ಟು ತುಂಬಿಕೊಳ್ಳುತ್ತೆ. ಜಗತ್ತಿನ ಲ್ಯಾಪ್ ಟೈಮುಗಳಲ್ಲೂ ಈ ಆಟ ಇದೆ, ತಂಪು ಹೊತ್ತು ನೋಡಿ ಓಡಿಸ್ತಾರೆ, ನಡು ಬೇಸಿಗೆಯ ಮಧ್ಯಾಹ್ನ ಯಾರೂ ದಾಖಲೆಗೆ ಹೋಗೋದಿಲ್ಲ.

ಆದರೆ ಘಾಟ್‌ನಲ್ಲಿ ಟೈಮ್ ಹಿಡಿಯೋದು ಬಿಡಿ. ಮಳೆಗಾಲದ ಮಂಜು, ಎದುರು ಬರುವ ಲಾರಿ, ತಿರುವಿನಲ್ಲಿ ಮಲಗಿದ ದನ. ಟ್ರ್ಯಾಕಿನಲ್ಲಿ ಇವು ಯಾವುವೂ ಇರೋದಿಲ್ಲ. ಇಪ್ಪತ್ತೆರಡನೇ ವಯಸ್ಸಿನಲ್ಲಿ ನಾನೂ ಅದೇ ಇಳಿಜಾರಿನಲ್ಲಿ ಜೋರು ಮಾಡಿದವನೇ. ಐದಾರು ತಿರುವು ಚೆನ್ನಾಗಿ ಹೋಯಿತು. ಏಳನೆಯದಕ್ಕೆ ಬ್ರೇಕ್ ಒತ್ತಿದರೆ ಪೆಡಲ್ ಹತ್ತಿ ಹಿಂಡಿದ ಹಾಗೆ ಕೆಳಗೆ ಹೋಯಿತು. ಗೇರ್ ಇಳಿಸಿ, ಹ್ಯಾಂಡ್ ಬ್ರೇಕ್ ಎಳೆದು, ಗುಡ್ಡದ ಬದಿಯ ಗಟಾರಕ್ಕೆ ಕಾರು ತಿಕ್ಕಿ ನಿಲ್ಲಿಸಿದೆ. ಇನ್ನೊಂದು ಬದಿಗೆ ಏನಿದೆ ಅಂತ ನಿಮಗೆ ಗೊತ್ತು. ಆಮೇಲೆ ಗ್ಯಾರೇಜಿನ ಮಾಮಾ ಬ್ರೇಕ್ ಆಯಿಲ್ ತೋರಿಸಿದರು, ಚಹಾದ ಬಣ್ಣ. ನಾಲ್ಕು ವರ್ಷ ಬದಲಿಸಿರಲಿಲ್ಲ, ತಪ್ಪು ಪೂರ್ತಿ ನನ್ನದೇ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತೆ. ಡಾಟ್ 4 ಅನ್ನೋ ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ 230 ಡಿಗ್ರಿ ತನಕವಾದರೂ ಕುದಿಯಬಾರದು, ನೀರು ಸೇರಿದರೆ ಅದೇ ಅಳತೆ 155ಕ್ಕೆ ಇಳಿಯುತ್ತೆ. ಕುದ್ದರೆ ಗುಳ್ಳೆ, ಗುಳ್ಳೆ ಎದ್ದರೆ ಪೆಡಲ್ ಖಾಲಿ. ಅಷ್ಟು ಆಸೆ ಇದ್ದರೆ ಆಯಿಲ್ ಮತ್ತು ಪ್ಯಾಡ್ ಬದಲಿಸಿ, ಕೊಯಮತ್ತೂರಿನಲ್ಲೋ ಚೆನ್ನೈನಲ್ಲೋ ಸಾರ್ವಜನಿಕರಿಗೆ ಟ್ರ್ಯಾಕ್ ಬಿಡುವ ದಿನ ನೋಡಿಕೊಂಡು ಹೋಗಿ. ಒಂದೇ ದಿನ, ಒಂದೇ ಟ್ರ್ಯಾಕ್, ಗೆಳೆಯರೆಲ್ಲರ ಕಾರು. ಜಗತ್ತಿನ ಕಂಪನಿಗಳು ಕೊಡೋದಕ್ಕಿಂತ ನಂಬಿಕೆಯ ಹೋಲಿಕೆ ನಿಮಗೇ ಸಿಗುತ್ತೆ.

ಪ್ರಶ್ನೆ: ನಮ್ಮ ಮಗ ಒಂದು ಸೆಕೆಂಡ್‌ಹ್ಯಾಂಡ್ ಟರ್ಬೊ ಕಾರು ನೋಡಿ ಬಂದಿದ್ದಾನೆ. ಮಾರೋನು "ಇದರ ಸಸ್ಪೆನ್ಷನ್ ನ್ಯೂರ್ಬರ್ಗ್‌ರಿಂಗ್‌ನಲ್ಲಿ ಟೆಸ್ಟ್ ಮಾಡಿದ್ದು" ಅಂತ ಅರವತ್ತು ಸಾವಿರ ಜಾಸ್ತಿ ಕೇಳ್ತಿದ್ದಾನೆ. ಕೊಡಬಹುದಾ?
— ಓದುಗರು, ಜಮಖಂಡಿ

ಉತ್ತರ: ಬೇಡ ಅಕ್ಕಾರ. ಆ ಟ್ರ್ಯಾಕಿಗೆಂದು ಬಿಗಿ ಮಾಡಿದ ಸಸ್ಪೆನ್ಷನ್ ನಿಮ್ಮ ಕಡೆಯ ರಸ್ತೆಗೆ ಬಂದರೆ ಮೊದಲು ನಿಮ್ಮ ಸೊಂಟ ಹೋಗುತ್ತೆ, ಆಮೇಲೆ ಕಾರಿನ ಬುಷ್. ಆ ಅರವತ್ತು ಸಾವಿರದಲ್ಲಿ ನಾಲ್ಕು ಹೊಸ ಟೈರು, ಬ್ರೇಕ್ ಪ್ಯಾಡ್, ಆಯಿಲ್ ಎಲ್ಲ ಮುಗಿದು ಉಳಿದರೂ ಉಳಿಯಬಹುದು. ಕಾರು ನೋಡಲು ಮಗನನ್ನು ಒಬ್ಬನನ್ನೇ ಕಳಿಸಬೇಡಿ, ನೀವೂ ಹಿಂದಿನ ಸೀಟಿನಲ್ಲಿ ಕೂತು ಹೋಗಿ. ಕಬ್ಬು ನುರಿಯುವ ಸೀಜನ್‌ನಲ್ಲಿ ಸಂಜೆ ಆರಕ್ಕೆ ಫ್ಯಾಕ್ಟರಿ ರಸ್ತೆಯಲ್ಲೇ ಓಡಿಸಲು ಹೇಳಿ, ಮುಂದೆ ಎರಡು ಟ್ರಾಲಿ ಕಟ್ಟಿದ ಟ್ರ್ಯಾಕ್ಟರ್ ಇರಬೇಕು, ಹಿಂದೆ ಲೈಟಿರಬಾರದು. ಮಾರೋನು ಆಗ ಎಷ್ಟು ಕೇಳ್ತಾನೆ ನೋಡಿ ನನಗೊಂದು ಪತ್ರ ಹಾಕಿ.